ಒಂದೇ ವಿಮಾನ, ನೂರೆಂಟು ರೇಟು: ಅಗ್ಗದ ಟಿಕೆಟಿನ ಒಳಗುಟ್ಟು

ಹೈದರಾಬಾದಿನಿಂದ ದುಬೈಗೆ ಹೊರಟ ವಿಮಾನದಲ್ಲಿ ಅಕ್ಕಪಕ್ಕ ಕೂತ ಮೂವರನ್ನು ಟಿಕೆಟಿಗೆ ಎಷ್ಟು ಕೊಟ್ಟಿರಿ ಅಂತ ಕೇಳಿ ನೋಡಿ. ಮೂರು ಬೇರೆ ಬೇರೆ ಉತ್ತರ ಬರುತ್ತವೆ. ಕೆಲಸಕ್ಕೆ ಹೊರಟ ಚಿತ್ತಾಪುರದ ಹುಡುಗ ಒಂದು ಮೊತ್ತ ಹೇಳುತ್ತಾನೆ. ಬೀದರಿನ ಅಂಗಡಿ ಮಾಲೀಕರು ಅದರ ಒಂದೂವರೆ ಪಟ್ಟು ಕೊಟ್ಟಿರುತ್ತಾರೆ. ಕಿಟಕಿ ಪಕ್ಕದವರು ಇಬ್ಬರಿಗಿಂತಲೂ ಕಡಿಮೆಗೆ ಬಂದಿರುತ್ತಾರೆ. ಸೀಟು ಅದೇ, ತಲುಪುವ ಹೊತ್ತೂ ಅದೇ. ಹಾಗಾದರೆ ಮೂವರೂ ದುಡ್ಡು ಕೊಟ್ಟಿದ್ದು ಯಾವುದಕ್ಕೆ?

ಶರತ್ತುಗಳಿಗೆ. ರದ್ದು ಮಾಡಿದರೆ ಎಷ್ಟು ವಾಪಸ್ ಬರುತ್ತದೆ, ದಿನ ಬದಲಿಸಬಹುದಾ, ಎಷ್ಟು ಕಿಲೋ ಲಗೇಜು, ಯಾವಾಗ ಕೊಂಡಿರಿ, ಯಾರ ಕೈಯಿಂದ ಕೊಂಡಿರಿ. ದರ ನಿಂತಿರುವುದು ಇವುಗಳ ಮೇಲೆ. ಇದು ಗೊತ್ತಾದರೆ ಅಗ್ಗದ ಟಿಕೆಟ್ ಹುಡುಕುವುದೂ ಸುಲಭ, ಯಾವ ಅಗ್ಗದ ಟಿಕೆಟ್ ಮುಟ್ಟಬಾರದು ಅನ್ನುವುದೂ ತಿಳಿಯುತ್ತದೆ.

ವಿಮಾನ ಕಂಪನಿಗಳು ಒಂದೇ ಎಕಾನಮಿ ಕ್ಲಾಸಿನ ಸೀಟುಗಳನ್ನು ಹಲವು ದರದ ಗುಂಪುಗಳಾಗಿ ವಿಂಗಡಿಸಿ ಇಡುತ್ತವೆ. ಅತಿ ಕಡಿಮೆ ದರದ ಗುಂಪಿನಲ್ಲಿ ಕೆಲವೇ ಸೀಟು ಇರುತ್ತವೆ. ಅವು ಮುಗಿದ ಮೇಲೆ ಮುಂದಿನ ಗುಂಪು, ಅದು ಮುಗಿದ ಮೇಲೆ ಅದರ ಮುಂದಿನದು. ಎಷ್ಟು ಜನ ಬರುತ್ತಾರೆ ಅನ್ನುವ ಅಂದಾಜು ನೋಡಿಕೊಂಡು ಕಂಪ್ಯೂಟರ್ ಈ ಗುಂಪುಗಳನ್ನು ತೆರೆಯುತ್ತಾ ಮುಚ್ಚುತ್ತಾ ಇರುತ್ತದೆ. ಬೆಳಿಗ್ಗೆ ಕಂಡ ದರ ಸಂಜೆಗೆ ಇಲ್ಲದಿರುವುದು ಇದಕ್ಕೇ. ನೀವು ಹತ್ತು ಸಲ ಹುಡುಕಿದ್ದಕ್ಕೆ ರೇಟು ಏರಿತು ಅಂತ ಬಹಳ ಜನ ನಂಬಿದ್ದಾರೆ. ಅದಕ್ಕೇ ಬ್ರೌಸರಿನಲ್ಲಿ ಗುಪ್ತ ವಿಂಡೋ ತೆರೆದು ಹುಡುಕುತ್ತಾರೆ. ಹುಡುಕಲಿ ಬಿಡಿ, ನಷ್ಟವೇನಿಲ್ಲ. ಆದರೆ ಸಾಮಾನ್ಯವಾಗಿ ಆಗಿರುವುದು ಇಷ್ಟೇ: ಆ ಗುಂಪಿನ ಕೊನೆಯ ಸೀಟು ಬೇರೆ ಯಾರಿಗೋ ಹೋಗಿದೆ. ಮಂಗಳವಾರ ಮಧ್ಯರಾತ್ರಿ ಬುಕ್ ಮಾಡಿದರೆ ಕಡಿಮೆ ಅನ್ನುವ ಮಾತೂ ಹೀಗೇ. ಯಾವ ದಿನ ಬುಕ್ ಮಾಡುತ್ತೀರಿ ಅನ್ನುವುದಕ್ಕಿಂತ ಯಾವ ದಿನ ಹಾರುತ್ತೀರಿ ಅನ್ನುವುದು ದರವನ್ನು ಜಾಸ್ತಿ ಆಡಿಸುತ್ತದೆ.

ಈ ಗುಂಪಿನ ಲೆಕ್ಕದಿಂದಲೇ ಒಂದು ನಿಜವಾದ ಉಳಿತಾಯವಿದೆ. ಮನೆಯ ನಾಲ್ಕು ಜನ ಹೊರಟಿದ್ದೀರಿ ಅಂದುಕೊಳ್ಳಿ. 4,300 ರೂಪಾಯಿಯ ಗುಂಪಿನಲ್ಲಿ ಎರಡೇ ಸೀಟು ಉಳಿದಿವೆ, ಮುಂದಿನ ಗುಂಪು 5,200. ನಾಲ್ವರಿಗೂ ಒಟ್ಟಿಗೆ ಹುಡುಕಿದರೆ ನಾಲ್ಕು ಸೀಟು ಸಿಗುವ ಗುಂಪಿನ ದರವನ್ನೇ ವ್ಯವಸ್ಥೆ ಸಾಮಾನ್ಯವಾಗಿ ಎಲ್ಲರಿಗೂ ಹಾಕುತ್ತದೆ. ಒಟ್ಟು 20,800. ಇಬ್ಬರಿಬ್ಬರಂತೆ ಎರಡು ಸಲ ಬುಕ್ ಮಾಡಿದರೆ 8,600 ಮತ್ತು 10,400, ಅಂದರೆ 19,000. ಉಳಿದದ್ದು 1,800. ಹಾಗಾಗಿ ನಾಲ್ವರಿಗೆ ಹುಡುಕುವ ಮೊದಲು ಒಬ್ಬರಿಗೆ ಎಷ್ಟು ಅಂತ ಒಮ್ಮೆ ನೋಡಿ. ಇದರಲ್ಲಿ ನಿಯಮ ಮುರಿದದ್ದು ಏನೂ ಇಲ್ಲ. ಆದರೆ ಪಿಎನ್‌ಆರ್ (ಬುಕಿಂಗ್ ನಂಬರು) ಎರಡಾಗುತ್ತವೆ. ವಿಮಾನದ ವೇಳೆ ಬದಲಾದರೆ ಕಂಪನಿ ಒಂದು ಪಿಎನ್‌ಆರ್ ಅನ್ನು ಬೆಳಗಿನ ವಿಮಾನಕ್ಕೆ, ಇನ್ನೊಂದನ್ನು ರಾತ್ರಿಯ ವಿಮಾನಕ್ಕೆ ಹಾಕಬಹುದು. ಚಿಕ್ಕ ಮಕ್ಕಳನ್ನಾದರೂ ತಾಯಿಯ ಅಥವಾ ತಂದೆಯ ಪಿಎನ್‌ಆರ್‌ನಲ್ಲೇ ಇಡಿ. ಬುಕಿಂಗ್ ಆ್ಯಪಿನ ಕನ್ವೀನಿಯನ್ಸ್ ಫೀ ಎರಡು ಸಲ ಬಿದ್ದು ಉಳಿತಾಯವನ್ನು ನುಂಗಿತಾ ಅಂತಲೂ ನೋಡಿಕೊಳ್ಳಿ.

ಕಲಬುರಗಿ, ಬೀದರ್, ಯಾದಗಿರಿಯ ನಮ್ಮ ಭಾಗಕ್ಕೆ ಇದರ ಮೇಲೆ ಇನ್ನೊಂದು ಲೆಕ್ಕವಿದೆ. ಎಲ್ಲಿಂದ ಹತ್ತುವುದು?

ಕಲಬುರಗಿಯ ವಿಮಾನ ನಿಲ್ದಾಣ ಶ್ರೀನಿವಾಸ ಸರಡಗಿ ಹತ್ತಿರ 2019ರ ನವೆಂಬರ್ 22ರಂದು ಶುರುವಾಯಿತು. ಬೀದರಿನಿಂದ 2020ರ ಫೆಬ್ರುವರಿಯಲ್ಲಿ ಬೆಂಗಳೂರಿಗೆ ವಿಮಾನ ಹಾರಿತು. ಯಾದಗಿರಿಗೆ ನಿಲ್ದಾಣವಿಲ್ಲ. ಈ ಹಾರಾಟಗಳ ಬೆನ್ನಿಗೆ ಇದ್ದದ್ದು ಚಿಕ್ಕ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆ. 2016ರಲ್ಲಿ ಪ್ರಕಟವಾದ ಈ ಯೋಜನೆಯಲ್ಲಿ ವಿಮಾನದ ಸುಮಾರು ಅರ್ಧ ಸೀಟಿಗೆ ದರದ ಮಿತಿ ಇತ್ತು. ಒಂದು ಗಂಟೆಯ ಹಾರಾಟಕ್ಕೆ ಹೆಚ್ಚುಕಡಿಮೆ 2,500 ರೂಪಾಯಿ ಅಂತ ಶುರುವಿನಲ್ಲಿ ಹೇಳಿದ್ದು ಆ ಸೀಟುಗಳಿಗೆ ಮಾತ್ರ. ಉಳಿದರ್ಧ ಮಾರುಕಟ್ಟೆ ದರಕ್ಕೆ. ಐವತ್ತು ಸೀಟಿನ ಚಿಕ್ಕ ವಿಮಾನದಲ್ಲಿ ಅರ್ಧ ಅಂದರೆ ಇಪ್ಪತ್ತೈದು. ಅವು ಮುಗಿದ ಮೇಲೆ ಬಂದವರು ‘ಉಡಾನ್ ಅಂತಾರ, ರೇಟು ನೋಡಿದ್ರ ತಲಿ ತಿರಗತದ’ ಅಂತ ಬೈದದ್ದರಲ್ಲಿ ತಪ್ಪಿಲ್ಲ.

ಈ ಮಿತಿಯ ದರದಿಂದ ಆಗುವ ನಷ್ಟಕ್ಕೆ ಕಂಪನಿಗೆ ಸರ್ಕಾರ ತುಂಬಿಕೊಡುವ ಹಣಕ್ಕೆ ಮೂರು ವರ್ಷದ ಗಡುವು. ಅದು ಮುಗಿದ ಮೇಲೆ ಕಂಪನಿ ಸ್ವಂತ ಬಲದ ಮೇಲೆ ಹಾರಿಸಬೇಕು. ಸೀಟು ತುಂಬದಿದ್ದರೆ ವಿಮಾನ ಬೇರೆ ಊರಿಗೆ ಹೋಗುತ್ತದೆ. ಬೀದರಿನಿಂದ ಮೊದಲು ಹಾರಿದ ಟ್ರೂಜೆಟ್ ಕಂಪನಿ 2022ರಲ್ಲಿ ಹಾರಾಟವನ್ನೇ ನಿಲ್ಲಿಸಿತು. ಆಮೇಲೂ ಅಲ್ಲಿ ಸೇವೆ ನಿಂತು ನಿಂತು ನಡೆದಿದೆ. ಹೀಗಾಗಿ ನಮ್ಮ ಕಡೆಯ ಚಿಕ್ಕ ವಿಮಾನವನ್ನು ನಂಬಿ ಬೆಂಗಳೂರಿನಿಂದ ಮುಂದಿನ ವಿದೇಶದ ಟಿಕೆಟ್ ತೆಗೆಯುವಾಗ ಸ್ವಲ್ಪ ತಡೆದು ಯೋಚಿಸಬೇಕು. ಸೇವೆ ಈಗ ನಡೆದಿದೆಯಾ, ವಾರಕ್ಕೆ ಎಷ್ಟು ದಿನ ಅಂತ ಕಂಪನಿಯ ಸೈಟಿನಲ್ಲೇ ನೋಡಿಕೊಂಡು ಮುಂದುವರಿಯಿರಿ.

ಹೈದರಾಬಾದಿನ ಶಂಷಾಬಾದ್ ನಮಗೆಲ್ಲ ಹತ್ತಿರದ ದೊಡ್ಡ ನಿಲ್ದಾಣ. ಬೀದರಿನವರು ಜಹೀರಾಬಾದ್ ದಾಟಿ ಹೊರವರ್ತುಲ ರಸ್ತೆ ಹಿಡಿದರೆ ಊರೊಳಗಿನ ಟ್ರಾಫಿಕ್ ಇಲ್ಲದೆ ಮುಟ್ಟುತ್ತಾರೆ. ಯಾದಗಿರಿಯವರು ಗುರುಮಠಕಲ್ ಮೇಲಿಂದ ಹೋಗುತ್ತಾರೆ. ಕಲಬುರಗಿಯಿಂದ ಕಾರಿನಲ್ಲಿ ನಾಲ್ಕೈದು ಗಂಟೆಯ ದಾರಿ. ಬೆಂಗಳೂರಿನಿಂದ ಹತ್ತಿದರೆ ಟಿಕೆಟ್ ಮೂರು ಸಾವಿರ ಕಡಿಮೆ ಅಂತ ಕಂಡರೆ ರೈಲಿನ ಖರ್ಚು, ಒಂದು ರಾತ್ರಿ, ದೇವನಹಳ್ಳಿಯವರೆಗಿನ ಟ್ಯಾಕ್ಸಿ ಎಲ್ಲ ಕೂಡಿಸಿ. ರೈಲು ಯಲಹಂಕದಲ್ಲಿ ನಿಲ್ಲುವುದಾದರೆ ಅಲ್ಲೇ ಇಳಿಯಿರಿ. ಮೆಜೆಸ್ಟಿಕ್‌ವರೆಗೆ ಹೋಗಿ ವಾಪಸ್ ಬರುವ ಕಷ್ಟ ತಪ್ಪುತ್ತದೆ. ಒಬ್ಬರೇ ಹೋಗುವಾಗ ಬೆಂಗಳೂರು ಅಗ್ಗ ಬೀಳಬಹುದು. ನಾಲ್ವರು ಒಂದು ಕಾರಿನಲ್ಲಿ ಹೋಗುವಾಗ ಬಹಳ ಸಲ ಶಂಷಾಬಾದೇ ಗೆಲ್ಲುತ್ತದೆ.

ಇನ್ನು ಬ್ಯಾಂಕ್ ಕಾರ್ಡಿನ ಆಫರು, ದರ ಇಳಿದಾಗ ತಿಳಿಸುವ ಅಲರ್ಟು, ದಸರಾ ದೀಪಾವಳಿಗೆ ಎರಡು ದಿನ ಹಿಂದೆಮುಂದೆ ಹೊರಡುವುದು. ಇವೆಲ್ಲ ನಿಮಗೆ ಗೊತ್ತಿರುವವೇ. ಇವುಗಳಲ್ಲಿ ಅಪಾಯವಿಲ್ಲ. ಅಪಾಯ ಇರುವುದು ಅಡ್ಡದಾರಿಗಳಲ್ಲಿ. ಅಲ್ಲಿ ದರ ಇಳಿದಷ್ಟೂ ಏನೋ ಒಂದು ಹೊರೆ ಕಂಪನಿಯ ತಲೆಯಿಂದ ನಿಮ್ಮ ತಲೆಗೆ ಬರುತ್ತದೆ.

ನಮ್ಮ ಊರುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನಡೆಯುವ ಅಡ್ಡದಾರಿ ವಿಶೇಷ ದರದ್ದು. ವಿದ್ಯಾರ್ಥಿಗಳಿಗೆ, ಹಿರಿಯ ನಾಗರಿಕರಿಗೆ, ಸೈನಿಕರಿಗೆ ಕಂಪನಿಗಳು ರಿಯಾಯಿತಿ ಕೊಡುತ್ತವೆ. ಆ್ಯಪಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಆಗ ಯಾರೂ ಪುರಾವೆ ಕೇಳುವುದಿಲ್ಲ. ಇದೇ ಸಂದು. ಐವತ್ತೆರಡು ವರ್ಷದವರು ಟಿಕೆಟ್ ಮಾಡಿಸಲು ಅಂಗಡಿಗೆ ಹೋದರೆ, ‘ಕಾಕಾ, ಸೀನಿಯರ್ ಫೇರ್‌ದಾಗ ಹಾಕ್ತೀನ್ರಿ, ಅಲ್ಲಿ ಯಾರೂ ಕೇಳಂಗಿಲ್ಲ’ ಅನ್ನುವವರು ಇದ್ದಾರೆ. ಬಹಳ ಸಲ ಕೇಳುವುದಿಲ್ಲ, ನಿಜ. ಕೇಳಿದ ದಿನ ಚೆಕ್‌-ಇನ್ ಕೌಂಟರಿನಲ್ಲಿ ನಿಂತಿರುವುದು ಕಾಕಾ, ಏಜೆಂಟ್ ಅಲ್ಲ. ಪುರಾವೆ ಇಲ್ಲದಿದ್ದರೆ ಕಂಪನಿ ಅಲ್ಲೇ ವ್ಯತ್ಯಾಸದ ಹಣ ಕೇಳಬಹುದು, ಹತ್ತಲು ಬಿಡದೆಯೂ ಇರಬಹುದು. ಕೆಲವೊಮ್ಮೆ ಏಜೆಂಟ್ ಇದನ್ನು ಹೇಳುವುದೂ ಇಲ್ಲ. ನಿಮ್ಮಿಂದ ಪೂರ್ತಿ ದರ ತಗೊಂಡು, ರಿಯಾಯಿತಿ ದರದಲ್ಲಿ ಹಾಕಿ, ನಡುವಿನದನ್ನು ಉಳಿಸಿಕೊಳ್ಳುತ್ತಾನೆ. ಅದಕ್ಕೇ ಟಿಕೆಟ್ ಕೈಗೆ ಬಂದ ತಕ್ಷಣ ಅದರ ಮೇಲೆ ಯಾವ ಬಗೆಯ ದರ ಅಂತ ಬರೆದಿದೆ ನೋಡಿ. ಸ್ಟೂಡೆಂಟ್, ಸೀನಿಯರ್, ಕಾರ್ಪೊರೇಟ್ ಅನ್ನುವ ಪದ ಕಂಡರೆ ಅಲ್ಲೇ ಕೇಳಿ. ಕಾರ್ಪೊರೇಟ್ ದರವೂ ಇಂಥದ್ದೇ. ಯಾವುದೋ ಕಂಪನಿಯ ನೌಕರರಿಗೆ ಇದ್ದ ದರದಲ್ಲಿ ನಿಮ್ಮನ್ನು ಹಾಕಿದರೆ, ನೀವು ಆ ಕಂಪನಿಯವರು ಅಂತ ತೋರಿಸಲು ನಿಮ್ಮ ಹತ್ತಿರ ಏನಿದೆ?

ಮನೆಯಲ್ಲಿ ಓದುವ ಮಕ್ಕಳಿದ್ದರೆ ಮಾತ್ರ ಈ ದರವನ್ನು ಬಿಡಬೇಡಿ. ಕಾಲೇಜಿನ ಗುರುತಿನ ಚೀಟಿ ಇದ್ದರೆ ದರ ಕಡಿಮೆ ಸಿಗುವುದಲ್ಲದೆ, ಹಲವು ಕಂಪನಿಗಳಲ್ಲಿ ಲಗೇಜೂ ಜಾಸ್ತಿ ಸಿಗುತ್ತದೆ. ಹಾಸ್ಟೆಲಿಗೆ ಹೋಗುವವರಿಗೆ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿಗಳ ತೂಕ ಕಡಿಮೆಯೇನಲ್ಲ.

ಇನ್ನೊಂದು ‘ಗ್ರೂಪ್ ಟಿಕೆಟ್’. ಮೆಕ್ಕಾದ ಉಮ್ರಾ ಯಾತ್ರೆಗೆ, ಗಲ್ಫಿಗೆ ಹೋಗುವವರಿಗೆ ಇದು ಚೆನ್ನಾಗಿ ಗೊತ್ತು. ಏಜೆಂಟರು ಒಂದು ವಿಮಾನದ ಹತ್ತಿಪ್ಪತ್ತು ಸೀಟನ್ನು ತಿಂಗಳುಗಳ ಮೊದಲೇ ಸಗಟಾಗಿ ಹಿಡಿದಿಟ್ಟು, ಆಮೇಲೆ ಬಿಡಿಬಿಡಿಯಾಗಿ ಮಾರುತ್ತಾರೆ. ಇದು ಕಾನೂನಿನ ವ್ಯಾಪಾರವೇ, ದರವೂ ನಿಜವಾಗಿ ಕಡಿಮೆ ಇರಬಹುದು. ಆದರೆ ಸಾಮಾನ್ಯವಾಗಿ ರದ್ದು ಮಾಡಿದರೆ ಹಣ ಬರುವುದಿಲ್ಲ, ದಿನ ಬದಲಿಸುವಂತಿಲ್ಲ. ಪಿಎನ್‌ಆರ್ ಕೂಡ ಬಹಳ ಸಲ ಹೊರಡುವ ದಿನ ಹತ್ತಿರ ಬಂದಾಗಲೇ ಕೈಗೆ ಸಿಗುತ್ತದೆ. ಅಲ್ಲಿವರೆಗೆ ನಿಮ್ಮ ಹತ್ತಿರ ಇರುವುದು ಏಜೆಂಟನ ಮಾತು ಮತ್ತು ಒಂದು ರಸೀದಿ. ಹಳೆಯ, ಪರಿಚಯದ ಅಂಗಡಿಯಾದರೆ ಸರಿ. ವಾಟ್ಸ್‌ಆ್ಯಪಿನಲ್ಲಿ ಬಂದ ಪೋಸ್ಟರ್ ನೋಡಿ, ಮುಖ ಕಾಣದವರಿಗೆ ಪೂರ್ತಿ ಹಣ ಹಾಕುವುದಾದರೆ ಹೋದದ್ದು ಬರೀ ಟಿಕೆಟಿನ ಹಣವಲ್ಲ, ಅವ್ವನ ಉಮ್ರಾದ ಕನಸೂ ಹೌದು, ಅಣ್ಣನ ಕೆಲಸದ ಜಾಯಿನಿಂಗ್ ದಿನಾಂಕವೂ ಹೌದು.

ಈಗ ಎಲ್ಲರಿಗೂ ಕುತೂಹಲ ಹುಟ್ಟಿಸುವ ಉಪಾಯಕ್ಕೆ ಬರೋಣ. ಯೂಟ್ಯೂಬಿನಲ್ಲಿ ಇದರ ವಿಡಿಯೋಗಳಿಗೆ ಬರವಿಲ್ಲ. ‘ನಡುವೆ ಇಳಿದುಬಿಡುವ’ ಟಿಕೆಟ್.

ಕಲಬುರಗಿಯಿಂದ ಬೀದರಿಗೆ ಬಸ್ ಟಿಕೆಟ್ ತಗೊಂಡು ಹುಮನಾಬಾದಿನಲ್ಲಿ ಇಳಿದರೆ ಕಂಡಕ್ಟರ್ ಏನೂ ಅನ್ನುವುದಿಲ್ಲ. ಹಾಗೆ ಇಳಿಯುವುದರಿಂದ ನಿಮಗೆ ಉಳಿಯುವುದೂ ಏನಿಲ್ಲ, ಯಾಕಂದರೆ ಬಸ್ಸಿನಲ್ಲಿ ದೂರ ಹೆಚ್ಚಿದಂತೆ ದರ ಹೆಚ್ಚುತ್ತದೆ. ವಿಮಾನದಲ್ಲಿ ಹಾಗಿಲ್ಲ. ಹೈದರಾಬಾದ್–ದುಬೈ ನೇರ ವಿಮಾನಕ್ಕೆ ಬೇಡಿಕೆ ಇದ್ದರೆ ಕಂಪನಿ ಒಳ್ಳೆಯ ದರ ಕೇಳುತ್ತದೆ. ಅದೇ ಕಂಪನಿ ಹೈದರಾಬಾದಿನಿಂದ ದುಬೈ ಮೇಲಿಂದ ಇನ್ನೊಂದು ಊರಿಗೆ ಕರೆದೊಯ್ಯುವಾಗ ದೋಹಾ, ಅಬುಧಾಬಿ, ಮಸ್ಕತ್ ಮೇಲಿಂದ ಹೋಗುವ ಬೇರೆ ಕಂಪನಿಗಳ ಜೊತೆ ಪೈಪೋಟಿಗೆ ಇಳಿಯಬೇಕು. ಆಗ ದರ ಇಳಿಸುತ್ತದೆ. ಹೀಗಾಗಿ ಕೆಲವೊಮ್ಮೆ ದೂರದ ಊರಿನ ಟಿಕೆಟ್ ಹತ್ತಿರದ ಊರಿಗಿಂತ ಅಗ್ಗ. ಅದನ್ನೇ ಕೊಂಡು ದುಬೈನಲ್ಲಿ ಇಳಿದು ಹೋಗುವುದು ಉಪಾಯ.

ಕಾಗದದ ಮೇಲೆ ಚೆನ್ನಾಗಿದೆ. ಶಂಷಾಬಾದಿನ ಕೌಂಟರಿನಲ್ಲಿ ಏನಾಗುತ್ತದೆ ನೋಡಿ. ಟಿಕೆಟಿನಲ್ಲಿ ಕೊನೆಯ ಊರು ಯಾವುದೋ ಆ ದೇಶದ ವೀಸಾ ಕೇಳುತ್ತಾರೆ. ನಿಮ್ಮ ಹತ್ತಿರ ಇರುವುದು ದುಬೈ ವೀಸಾ. ಅಲ್ಲಿಗೆ ಪ್ರಯಾಣ ಮುಗಿಯಿತು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬಹಳಷ್ಟು ದೇಶಗಳ ಮಟ್ಟಿಗೆ ಈ ಒಂದೇ ಕಾರಣಕ್ಕೆ ಉಪಾಯ ಬಿದ್ದುಹೋಗುತ್ತದೆ. ಅಮೆರಿಕದವರು ತಮ್ಮ ದೇಶದೊಳಗೆ ಓಡಾಡಲು ಮಾಡುವ ಆಟವನ್ನು ನಾವು ಗಲ್ಫಿಗೆ ತಂದರೆ ನಡೆಯುವುದಿಲ್ಲ.

ವೀಸಾ ಬೇಕಿಲ್ಲದ ಕಡೆ ಅಂದುಕೊಳ್ಳೋಣ, ದೇಶದೊಳಗೇ ಅಂದುಕೊಳ್ಳೋಣ. ಕೌಂಟರಿನಲ್ಲಿ ಕೊಟ್ಟ ಬ್ಯಾಗು ಕೊನೆಯ ಊರಿಗೇ ಹೋಗುತ್ತದೆ. ನೀವು ನಡುವೆ ಇಳಿದರೆ ಅದು ನಿಮ್ಮ ಜೊತೆ ಇಳಿಯುವುದಿಲ್ಲ. ಅಂದರೆ ಕೈಚೀಲ ಮಾತ್ರ, ಅದೂ ಸಾಮಾನ್ಯವಾಗಿ ಏಳು ಕಿಲೋ. ಜಾಗ ಇಲ್ಲ ಅಂತ ಗೇಟಿನಲ್ಲಿ ಆ ಚೀಲವನ್ನೂ ಇಸ್ಕೊಂಡು ಕೆಳಗೆ ಹಾಕಿದರೆ ಅದೂ ಮುಂದಿನ ಊರಿಗೆ ಹೋಗಬಹುದು. ಎರಡನೇ ತೊಡಕು, ಒಂದು ಹಂತ ತಪ್ಪಿಸಿದ ಕೂಡಲೇ ಅದೇ ಟಿಕೆಟಿನ ಮುಂದಿನ ಎಲ್ಲ ಹಂತಗಳನ್ನೂ ಕಂಪನಿಗಳು ರದ್ದು ಮಾಡುತ್ತವೆ. ಹೋಗಿಬರುವ ಟಿಕೆಟ್ ಆಗಿದ್ದರೆ ಬರುವುದು ಸತ್ತಂತೆ. ಮೊದಲ ಹಂತವನ್ನು ಬಿಟ್ಟು ನಡುವಿನ ಊರಲ್ಲಿ ಹತ್ತುತ್ತೇನೆ ಅಂದರೂ ಆಗುವುದಿಲ್ಲ. ಇದು ಅಡ್ಡದಾರಿ ಹಿಡಿಯದವರೂ ತಿಳಿದಿರಬೇಕಾದದ್ದು. ಹೈದರಾಬಾದ್–ಮುಂಬೈ–ಲಂಡನ್ ಅಂತ ಒಂದೇ ಟಿಕೆಟ್ ಇದ್ದು, ‘ಮುಂಬೈಗೆ ಕಲಬುರಗಿಯಿಂದ ರೈಲಲ್ಲೇ ಹೋಗ್ತೀನಿ’ ಅಂತ ಹೊರಟರೆ ಮುಂಬೈಯಲ್ಲಿ ನಿಮ್ಮ ಸೀಟು ಇರುವುದಿಲ್ಲ. ಮೂರನೆಯದು, ಮಳೆಗೋ ಮಂಜಿಗೋ ದಾರಿ ಬದಲಾದರೆ ಕಂಪನಿ ನಿಮ್ಮನ್ನು ಬೇರೆ ಊರಿನ ಮೇಲಿಂದ ಕೊನೆಯ ಊರಿಗೆ ಮುಟ್ಟಿಸಬಹುದು. ನೀವು ಇಳಿಯಬೇಕಿದ್ದ ಊರು ದಾರಿಯಲ್ಲೇ ಬರುವುದಿಲ್ಲ. ದೂರಲು ಬಾಯಿಲ್ಲ, ಕೊಂಡ ಟಿಕೆಟಿನ ಪ್ರಕಾರ ಅವರು ಸರಿಯಾಗಿಯೇ ಮುಟ್ಟಿಸಿದ್ದಾರೆ.

ಕೋರ್ಟಿಗೆ ಹೋಗುತ್ತಾರಾ? ಹೋಗಿದ್ದಾರೆ. ಇಂಥ ಟಿಕೆಟ್ ಹುಡುಕಿಕೊಡುವ ಸ್ಕಿಪ್‌ಲ್ಯಾಗ್ಡ್ ಸೈಟಿನ ಮೇಲೆ ಯುನೈಟೆಡ್ ವಿಮಾನ ಕಂಪನಿ 2014ರಲ್ಲಿ ಅಮೆರಿಕದಲ್ಲಿ ದಾವೆ ಹೂಡಿತು. ತನ್ನ ವ್ಯಾಪ್ತಿಗೆ ಬರುವುದಿಲ್ಲ ಅಂತ ನ್ಯಾಯಾಲಯ ಅದನ್ನು ಕೈಬಿಟ್ಟಿತು. 2023ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಅದೇ ಸೈಟಿನ ಮೇಲೆ ಹೋಯಿತು. 2024ರ ಅಕ್ಟೋಬರಿನಲ್ಲಿ ಟೆಕ್ಸಸ್‌ನ ಜ್ಯೂರಿ 94 ಲಕ್ಷ ಡಾಲರ್ ಕೊಡಬೇಕು ಅಂದಿತು. ಅದು ಸೈಟಿನ ಕಥೆ. ಪ್ರಯಾಣಿಕನ ಮೇಲೇ ಹೋದದ್ದು ಜರ್ಮನಿಯ ಲುಫ್ತಾನ್ಸಾ ಕಂಪನಿ. ಆಸ್ಲೊದಿಂದ ಸಿಯಾಟಲ್‌ಗೆ ಹೋಗಿಬರುವ ಟಿಕೆಟ್ ಕೊಂಡವರೊಬ್ಬರು ವಾಪಸ್ ಬರುವಾಗ ಫ್ರಾಂಕ್‌ಫರ್ಟ್‌ನಿಂದ ಆಸ್ಲೊಗೆ ಹೋಗದೆ ಬರ್ಲಿನ್‌ಗೆ ಹೋದರು. ಕಂಪನಿ 2,112 ಯೂರೋ ಕೇಳಿತು. 2018ರಲ್ಲಿ ಬರ್ಲಿನ್ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಜೈಲಿಗೆ ಹಾಕುವ ಅಪರಾಧ ಇದಲ್ಲ, ಟಿಕೆಟಿನ ಕರಾರು ಮುರಿದ ಮಾತು. ಆದರೆ ಕಂಪನಿಯ ಕೈಯಲ್ಲಿ ಕೋರ್ಟು ಬಿಟ್ಟೂ ಅಸ್ತ್ರಗಳಿವೆ. ನೀವು ವರ್ಷಗಟ್ಟಲೆ ಕೂಡಿಟ್ಟ ಮೈಲ್ಸ್ (ಹಾರಿದ್ದಕ್ಕೆ ಕಂಪನಿ ಕೊಡುವ ಪಾಯಿಂಟುಗಳು) ತೆಗೆದುಹಾಕಬಹುದು, ಸದಸ್ಯತ್ವ ಮುಚ್ಚಬಹುದು.

ಹೋಗುವುದಷ್ಟೇ ಇದ್ದಾಗಲೂ ಹೋಗಿಬರುವ ಟಿಕೆಟ್ ಅಗ್ಗ ಅಂತ ಅದನ್ನೇ ಕೊಂಡು ಬರುವುದನ್ನು ಬಿಟ್ಟುಬಿಡುವವರೂ ಇದ್ದಾರೆ. ಇದೂ ಕರಾರಿಗೆ ವಿರುದ್ಧವೇ, ಆದರೆ ಕೊನೆಯ ಹಂತ ಬಿಡುವುದರಿಂದ ಪ್ರಯಾಣ ಕೆಡುವುದಿಲ್ಲ. ಎರಡರಲ್ಲಿ ಇದು ಕಡಿಮೆ ಅಪಾಯದ್ದು ಅನ್ನಬಹುದು.

ಎರಡು ಬೇರೆ ಟಿಕೆಟ್ ಜೋಡಿಸುವುದು ನಿಯಮ ಮುರಿಯುವ ಉಪಾಯವೇ ಅಲ್ಲ. ಆದರೂ ಜನ ಜಾಸ್ತಿ ಸಿಕ್ಕಿಕೊಳ್ಳುವುದು ಇದರಲ್ಲೇ ಅಂತ ನನ್ನ ಅನಿಸಿಕೆ. ಹೈದರಾಬಾದ್–ದೆಹಲಿ ಒಂದು ಕಂಪನಿ, ದೆಹಲಿ–ಟೊರಾಂಟೊ ಇನ್ನೊಂದು. ಕೂಡಿಸಿದರೆ ಒಂದೇ ಟಿಕೆಟಿಗಿಂತ ಎಂಟು ಸಾವಿರ ಕಡಿಮೆ ಅಂತ ಇಟ್ಟುಕೊಳ್ಳಿ. ಮೊದಲ ವಿಮಾನ ಮೂರು ಗಂಟೆ ತಡವಾದರೆ ಎರಡನೇ ಕಂಪನಿಗೆ ಅದು ಸಂಬಂಧವಿಲ್ಲ. ಅವರ ಲೆಕ್ಕದಲ್ಲಿ ನೀವು ಬರಲೇ ಇಲ್ಲ. ಟೊರಾಂಟೊದ ಹೊಸ ಟಿಕೆಟ್ ಅದೇ ದಿನ ಕೊಂಡರೆ ಉಳಿಸಿದ ಎಂಟು ಸಾವಿರ ಯಾವ ಮೂಲೆಗೆ? ಒಂದೇ ಟಿಕೆಟ್ ಆಗಿದ್ದರೆ ಮುಂದಿನ ವಿಮಾನಕ್ಕೆ ಹಾಕುವುದು ಕಂಪನಿಯ ಹೊಣೆ. ದೆಹಲಿಯಲ್ಲಿ ಒಂದನೇ ಟರ್ಮಿನಲ್ಲಿಗೂ ಮೂರನೇ ಟರ್ಮಿನಲ್ಲಿಗೂ ನಡೆದು ಹೋಗುವಷ್ಟು ಹತ್ತಿರವಿಲ್ಲ. ಲಗೇಜು ಇಳಿಸಿಕೊಂಡು ಬಸ್ಸೋ ಟ್ಯಾಕ್ಸಿಯೋ ಹತ್ತಬೇಕು, ಮತ್ತೆ ಸರದಿಯಲ್ಲಿ ನಿಲ್ಲಬೇಕು. ಜೋಡಣೆ ವಿದೇಶದಲ್ಲಿದ್ದರೆ ಬ್ಯಾಗು ತಗೊಳ್ಳಲು ಆ ದೇಶದೊಳಗೆ ಕಾಲಿಡಬೇಕಾಗಬಹುದು, ಅದಕ್ಕೆ ಬೇರೆ ವೀಸಾ. ಜೋಡಿಸಲೇಬೇಕು ಅಂದರೆ ಹಿಂದಿನ ದಿನವೇ ಆ ಊರು ಸೇರಿ. ಒಂದು ರಾತ್ರಿಯ ಲಾಡ್ಜಿನ ಖರ್ಚು ಕೂಡಿಸಿಯೂ ಅಗ್ಗವಾದರೆ ಅದು ಅಗ್ಗ.

ಕೊನೆಗೆ, ಅರ್ಧ ದರದ ಟಿಕೆಟ್. ಇಪ್ಪತ್ತೈದು ಸಾವಿರದ ಟಿಕೆಟನ್ನು ಹನ್ನೆರಡಕ್ಕೆ ಕೊಡುತ್ತೇನೆ ಅನ್ನುವವರು ಅದನ್ನು ಕದ್ದ ಕಾರ್ಡಿನಿಂದಲೋ, ಬೇರೆಯವರ ಖಾತೆಯ ಮೈಲ್ಸಿನಿಂದಲೋ ತೆಗೆದಿರುವ ಸಾಧ್ಯತೆ ಇದೆ. ಮೋಸ ಏನಂದರೆ ಇಲ್ಲಿ ಪಿಎನ್‌ಆರ್ ನಿಜವೇ ಇರುತ್ತದೆ, ಸೈಟಿನಲ್ಲಿ ಹಾಕಿದರೆ ಹೆಸರೂ ಬರುತ್ತದೆ. ಕಾರ್ಡಿನ ಮಾಲೀಕರು ದೂರು ಕೊಟ್ಟ ದಿನ ಟಿಕೆಟ್ ಮಾಯ. ಇನ್ನು ಕೆಲವರು ಬುಕ್ ಮಾಡಿದ ಟಿಕೆಟ್ ತೋರಿಸಿ, ಹಣ ಬಂದ ಮೇಲೆ ತಾವೇ ರದ್ದು ಮಾಡಿಬಿಡುತ್ತಾರೆ. ಹಾಗಾಗಿ ಪಿಎನ್‌ಆರ್ ಅನ್ನು ಕಂಪನಿಯ ಸೈಟಿನಲ್ಲಿ ಕೊಂಡ ದಿನವೂ ನೋಡಿ, ಹೊರಡುವ ಮೊದಲೂ ನೋಡಿ. ಬುಕಿಂಗಿನಲ್ಲಿ ನಿಮ್ಮದೇ ಫೋನ್ ನಂಬರು, ನಿಮ್ಮದೇ ಇಮೇಲ್ ಹಾಕಿಸಿ. ಏಜೆಂಟ್ ತನ್ನ ನಂಬರು ಹಾಕಿದರೆ ವೇಳೆ ಬದಲಾದ ಸಂದೇಶ ನಿಮಗೆ ಬರುವುದೇ ಇಲ್ಲ. ರೀಫಂಡಿಗೆ ಅಂತ ಗೂಗಲ್‌ನಲ್ಲಿ ಕಂಡ ‘ಕಸ್ಟಮರ್ ಕೇರ್’ ನಂಬರಿಗೆ ಸುಮ್ನೆ ಫೋನ್ ಮಾಡಬೇಡಿ, ಅದರಲ್ಲೂ ನಕಲಿ ಬಹಳ. ಹಣ ಹೋಯಿತು ಅಂತ ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಮಾಡುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ.

ನೇರವಾಗಿ ಕೊಂಡವರ ಕೈಯಲ್ಲೂ ಕೆಲವು ಹಕ್ಕುಗಳಿವೆ, ಬಹಳ ಜನ ಬಳಸುವುದೇ ಇಲ್ಲ. ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದ ಪ್ರಕಾರ, ಹೊರಡುವ ದಿನ ಸಾಕಷ್ಟು ದೂರವಿದ್ದರೆ ಕಂಪನಿಯ ಸೈಟಿನಲ್ಲಿ ಕೊಂಡ ಟಿಕೆಟನ್ನು ಕನಿಷ್ಠ 24 ಗಂಟೆಯವರೆಗೆ ದಂಡವಿಲ್ಲದೆ ರದ್ದು ಮಾಡಬಹುದು. ಹೆಸರಿನ ಅಕ್ಷರ ತಪ್ಪಿದ್ದರೆ ಅಷ್ಟೇ ಹೊತ್ತಿನೊಳಗೆ ಪುಕ್ಕಟೆ ಸರಿ ಮಾಡಿಸಬಹುದು. ರದ್ದತಿ ಶುಲ್ಕ ಎಷ್ಟೇ ಅಂದರೂ ಮೂಲ ದರ ಮತ್ತು ಇಂಧನದ ಸರ್ಚಾರ್ಜ್ ಸೇರಿದ ಮೊತ್ತವನ್ನು ಮೀರುವಂತಿಲ್ಲ. ಆಫರಿನ ಟಿಕೆಟ್ ಇರಲಿ, ‘ನಾನ್ ರೀಫಂಡಬಲ್’ ಅಂತಲೇ ಬರೆದಿರಲಿ, ಅಥವಾ ನೀವು ವಿಮಾನಕ್ಕೆ ಹೋಗಲೇ ಇಲ್ಲ ಅಂತಿರಲಿ, ತೆರಿಗೆ ಮತ್ತು ನಿಲ್ದಾಣದ ಬಳಕೆ ಶುಲ್ಕವನ್ನು ಕಂಪನಿ ವಾಪಸ್ ಕೊಡಬೇಕು. ಅಗ್ಗದ ಟಿಕೆಟಿನಲ್ಲಿ ಈ ಭಾಗ ಸಣ್ಣದೇನಲ್ಲ. ಟಿಕೆಟಿನ ದರದ ವಿವರ ತೆರೆದು ಮೂಲ ದರ ಎಷ್ಟು, ಉಳಿದದ್ದು ಎಷ್ಟು ನೋಡಿ. ಕಂಪನಿಯ ಸೈಟಿನಲ್ಲಿ ರೀಫಂಡ್ ಅರ್ಜಿ ಹಾಕಿ, ಬರದಿದ್ದರೆ ವಿಮಾನಯಾನ ಸಚಿವಾಲಯದ ದೂರಿನ ಸೈಟಾದ ಏರ್‌ಸೇವಾದಲ್ಲಿ ದೂರು ಕೊಡಿ. ಏಜೆಂಟ್ ಮೂಲಕ ಕೊಂಡಿದ್ದರೆ ಅವನ ಹತ್ತಿರವೂ ಕೇಳಿ, ಆ ಹಣ ಅವನ ಖಾತೆಗೆ ಬಂದು ಕೂತಿರಬಹುದು.